ಅಮೆರಿಕದ ಡಾಕ್ಟರ ಬಿಲ್ಲು, ನಮ್ಮ ಮಕ್ಕಳ ಇರುಳು

ಅಮೆರಿಕದ ಯಾವುದೋ ಊರಿನಲ್ಲಿ ಡಾಕ್ಟರು ಹಗಲು ರೋಗಿಯನ್ನು ನೋಡುತ್ತಾರೆ. ಆ ಚಿಕಿತ್ಸೆಯ ಬಿಲ್ಲು ಬರೆಯುವವರು, ಅದಕ್ಕೆ ವಿಮಾ ಕಂಪೆನಿಯಿಂದ ಹಣ ಬಂತೇ ಇಲ್ಲವೇ ಎಂದು ಬೆನ್ನು ಹತ್ತುವವರು ಅನೇಕ ವೇಳೆ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕುಳಿತಿರುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಬಿ.ಎಸ್ಸಿ., ಬಿ.ಕಾಂ. ಮುಗಿಸಿ ರಾಜಧಾನಿಯ ಬಸ್ಸು ಹತ್ತಿದ ಹುಡುಗ ಹುಡುಗಿಯರೂ ಈ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಏನು ಕೆಲಸವೆಂದು ಕೇಳಿದರೆ 'ಕಂಪ್ಯೂಟರ್ ಕೆಲಸ' ಎನ್ನುತ್ತಾರೆ. ತಂದೆತಾಯಿಗಳಿಗೆ ಅಷ್ಟೇ ಸಾಕು. ಆದರೆ ಈ ಕೆಲಸ ಎಂಥದು, ಅದನ್ನು ಯಾರು ಹೇಗೆ ನಡೆಸುತ್ತಾರೆ, ತಪ್ಪಾದಾಗ ಅದು ಯಾರ ತಲೆಗೆ ಬರುತ್ತದೆ ಎಂಬುದನ್ನು ಬಹಿರಂಗವಾಗಿ ವಿಚಾರ ಮಾಡಬೇಕಾಗಿದೆ.

ನಮ್ಮ ಮಾತು ಇಷ್ಟೆ. ಎಂಟು ಸಾವಿರ ಮೈಲಿ ದೂರದಲ್ಲಿರುವ ಗುಮಾಸ್ತರ ತಂಡವನ್ನು ನಡೆಸುವುದೆಂದರೆ ಅವರ ಬೆರಳು ಎಷ್ಟು ಸಲ ಆಡಿತು ಎಂದು ಎಣಿಸುವುದಲ್ಲ. ಅಧಿಕಾರ ಎಲ್ಲಿದೆಯೋ ಹೊಣೆಯೂ ಅಲ್ಲಿರಬೇಕು. ಇಂದು ಅಧಿಕಾರ ಡಾಕ್ಟರ ಆಫೀಸಿನಲ್ಲಿದೆ, ಗುತ್ತಿಗೆ ಹಿಡಿದ ಕಂಪೆನಿಯ ಮೇಲಂತಸ್ತಿನಲ್ಲಿದೆ. ಹೊಣೆ ಮಾತ್ರ ಇರುಳು ಪಾಳಿಯ ಗುಮಾಸ್ತನ ಮೇಜಿನ ಮೇಲೆ ಬಿದ್ದಿದೆ.

ಈ ಕೆಲಸ ಹುಟ್ಟಿದ್ದೇಕೆ?

ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಲ್ಲಿ ಕಾಯಿಲೆ ಬಿದ್ದವನು ಡಾಕ್ಟರ ಬಳಿ ಹೋದರೆ ಅವನ ಕೈಗೆ ಬಿಲ್ಲು ಬರುವುದಿಲ್ಲ. ಸೇವೆಯ ಖರ್ಚನ್ನು ಬಹುಮಟ್ಟಿಗೆ ತೆರಿಗೆಯ ಹಣ ಹೊರುತ್ತದೆ. ಅಮೆರಿಕ ಆ ದಾರಿ ಹಿಡಿಯಲಿಲ್ಲ. 1965ರಲ್ಲಿ 65 ವರ್ಷ ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯನ್ನೂ, ಬಡವರಿಗೆ ಮೆಡಿಕೇಡ್ ಎಂಬುದನ್ನೂ ಕಾನೂನಿನಿಂದ ತಂದರು. ಮಿಕ್ಕವರಲ್ಲಿ ಹೆಚ್ಚಿನವರನ್ನು ಖಾಸಗಿ ವಿಮಾ ಕಂಪೆನಿಗಳಿಗೆ ಬಿಟ್ಟರು. ಬಹು ಜನರ ವಿಮೆ ಅವರ ನೌಕರಿಯ ಬಾಲಕ್ಕೆ ಕಟ್ಟಿಕೊಂಡಿದೆ. ನೌಕರಿ ಹೋದರೆ ವಿಮೆಯೂ ಹೋಗುತ್ತದೆ.

ಹೀಗಾಗಿ ಒಬ್ಬ ಸಾಮಾನ್ಯ ಡಾಕ್ಟರು ಒಂದೇ ದಿನ ನೋಡುವ ಇಪ್ಪತ್ತು ರೋಗಿಗಳ ಹಣವನ್ನು ಏಳೆಂಟು ಕಡೆಯಿಂದ ವಸೂಲು ಮಾಡಬೇಕು. ಒಂದೊಂದು ಕಂಪೆನಿಗೆ ಒಂದೊಂದು ನಿಯಮ. ಒಂದಕ್ಕೆ ಮುಂಚಿತವಾಗಿ ಅನುಮತಿ ಬೇಕು, ಇನ್ನೊಂದಕ್ಕೆ ಬೇಡ. ಒಂದು ಮೂರು ತಿಂಗಳೊಳಗೆ ಬಿಲ್ಲು ಕಳಿಸು ಎನ್ನುತ್ತದೆ, ಇನ್ನೊಂದು ಆರು ತಿಂಗಳು ಕೊಡುತ್ತದೆ. ಮೆಡಿಕೇರ್ ಚಿಕಿತ್ಸೆಯ ದಿನದಿಂದ ಒಂದು ವರ್ಷ ಕೊಡುತ್ತದೆ. ಡಾಕ್ಟರು ಮಾಡಿದ್ದನ್ನೆಲ್ಲ ಅಂಕಿಗೆ ಇಳಿಸಬೇಕು. ಮಾಡಿದ ಕೆಲಸಕ್ಕೆ ಒಂದು ಅಂಕಿ. ಆ ಅಂಕಿಗಳ ಪಟ್ಟಿ 1966ರಲ್ಲಿ ಮೊದಲು ಹೊರಬಂತು, ಅದರ ಒಡೆತನ ಅಮೆರಿಕದ ವೈದ್ಯರ ಸಂಘದ್ದು. ಕಂಡ ಕಾಯಿಲೆಗೆ ಇನ್ನೊಂದು ಅಂಕಿ. ಅದರ ಹತ್ತನೆಯ ಪರಿಷ್ಕರಣವನ್ನು ಅಮೆರಿಕ 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಇವೆರಡೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಹಣವಿಲ್ಲ.

ಇಷ್ಟು ಗೋಜಲಿನ ಲೆಕ್ಕಕ್ಕೆ ಅಮೆರಿಕದಲ್ಲೇ ಗುಮಾಸ್ತರನ್ನು ಇಟ್ಟುಕೊಂಡರೆ ಅಲ್ಲಿಯ ಸಂಬಳ ಕೊಡಬೇಕು. ಆದ್ದರಿಂದ ಕೆಲಸವನ್ನು ಕಂಪೆನಿಗಳಿಗೆ ಗುತ್ತಿಗೆ ಕೊಡುವುದು, ಆ ಕಂಪೆನಿಗಳು ಇಲ್ಲಿ ನಮ್ಮ ಹುಡುಗರನ್ನು ಕೂರಿಸುವುದು ಬಂತು. ರೋಗ ವಾಸಿ ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಖಾಸಗಿ ವಿಮೆಯ ವ್ಯವಸ್ಥೆ ತಾನೇ ಹೆಣೆದ ಬಲೆಯನ್ನು ಬಿಡಿಸಲು ಕೂಲಿ ಕೊಟ್ಟು ಮಾಡಿಸುವ ಕೆಲಸವಿದು. ಹಾಗೆಂದು ಮಾಡುವವರ ದುಡಿಮೆ ಕೀಳಲ್ಲ. ಬಲೆ ಇರುವವರೆಗೆ ಅದನ್ನು ಬಿಡಿಸುವವನ ಕೈಚಳಕಕ್ಕೆ ಬೆಲೆ ಇದ್ದೇ ಇದೆ.

ತಪ್ಪು ಹುಟ್ಟುವುದೊಂದು ಕಡೆ, ಬೆಳೆಯುವುದೊಂದು ಕಡೆ

ಬಿಲ್ಲಿನ ದಾರಿಯನ್ನು ಒಮ್ಮೆ ನೋಡೋಣ. ರೋಗಿ ಡಾಕ್ಟರ ಆಫೀಸಿಗೆ ಬಂದಾಗ ಮುಂದಿನ ಮೇಜಿನವರು ಅವನ ಹೆಸರು, ಹುಟ್ಟಿದ ದಿನ, ವಿಮೆಯ ಚೀಟಿಯ ಸಂಖ್ಯೆ ಬರೆದುಕೊಳ್ಳುತ್ತಾರೆ. ವಿಮೆ ಇಂದಿಗೂ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಬೇಕು. ಡಾಕ್ಟರು ನೋಡಿ, ಟಿಪ್ಪಣಿ ಬರೆದು ರುಜು ಹಾಕಬೇಕು. ಟಿಪ್ಪಣಿಯಿಂದ ಅಂಕಿ ತೆಗೆಯಬೇಕು. ಬಿಲ್ಲು, ಅವರ ಮಾತಿನಲ್ಲಿ ಕ್ಲೇಮು, ಒಂದು ನಡುವಣ ಕಟ್ಟೆಯ ಮೂಲಕ ವಿಮಾ ಕಂಪೆನಿಗೆ ಹೋಗಬೇಕು. ಅಲ್ಲಿಂದ ಹಣವಾದರೂ ಬರುತ್ತದೆ, ನಿರಾಕರಣೆಯಾದರೂ ಬರುತ್ತದೆ. ನಿರಾಕರಣೆ ಬಂದರೆ ಕಾರಣ ಹುಡುಕಿ, ಕಂಪೆನಿಗೆ ಟೆಲಿಫೋನು ಮಾಡಿ, ತಿದ್ದಿ ಮತ್ತೆ ಕಳಿಸಬೇಕು. ಬೇಕಾದರೆ ಮೇಲ್ಮನವಿ ಹಾಕಬೇಕು.

ಈ ಸಾಲಿನಲ್ಲಿ ದೂರದ ಗುಮಾಸ್ತನ ಕೈಗೆ ಕೆಲಸ ಬರುವುದು ಹೆಚ್ಚಾಗಿ ನಡುವಿನಲ್ಲಿ, ಇಲ್ಲವೇ ಕೊನೆಯಲ್ಲಿ. ಆದರೆ ನಿರಾಕರಣೆಗಳ ದೊಡ್ಡ ಪಾಲು ಹುಟ್ಟುವುದು ಮೊದಲಿನಲ್ಲಿ. ಹಳೆಯ ವಿಮೆಯ ಚೀಟಿಯನ್ನೇ ಬರೆದುಕೊಂಡರು. ರೋಗಿ ಜನವರಿಯಲ್ಲಿ ವಿಮೆ ಬದಲಿಸಿದ್ದ. ಮುಂಚಿತ ಅನುಮತಿ ತೆಗೆದುಕೊಳ್ಳಲು ಮರೆತರು. ಡಾಕ್ಟರು ಟಿಪ್ಪಣಿಗೆ ರುಜು ಹಾಕದೆ ವಾರಗಟ್ಟಲೆ ಬಿಟ್ಟರು. ಇದರಲ್ಲಿ ಬೆಂಗಳೂರಿನ ಗುಮಾಸ್ತ ಮಾಡಿದ ತಪ್ಪೇನು? ಏನೂ ಇಲ್ಲ. ಆದರೆ ನಿರಾಕರಣೆ ಬಂದು ಬೀಳುವುದು ಅವನ ಪಟ್ಟಿಗೆ. ತಿಂಗಳ ಕೊನೆಗೆ 'ನಿನ್ನ ಪಟ್ಟಿಯಲ್ಲಿ ಇಷ್ಟು ಬಾಕಿ ಏಕೆ?' ಎಂದು ಕೇಳಿಸಿಕೊಳ್ಳುವವನೂ ಅವನೇ. ಡಾಕ್ಟರಿಗೆ ನೇರವಾಗಿ 'ಅಯ್ಯಾ, ರುಜು ಹಾಕಿ' ಎಂದು ಬರೆಯುವ ಅಧಿಕಾರ ಅವನಿಗಿಲ್ಲ. ಅವನು ತನ್ನ ಮೇಲಿನವನಿಗೆ ಹೇಳಬೇಕು, ಅವನು ತನ್ನ ಮೇಲಿನವನಿಗೆ, ಅವನು ಅಮೆರಿಕದ ಮ್ಯಾನೇಜರಿಗೆ. ಅಷ್ಟರಲ್ಲಿ ಗಡುವು ಮುಗಿದು '29' ಎಂಬ ಸಂಖ್ಯೆ ಹೊತ್ತ ನಿರಾಕರಣೆ ಬರುತ್ತದೆ. ಆ ಲೆಕ್ಕದ ಭಾಷೆಯಲ್ಲಿ 29 ಎಂದರೆ ಕಾಲ ಮೀರಿತು ಎಂದರ್ಥ.

ಇನ್ನೂ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ವಿಮಾ ಕಂಪೆನಿ ಹಣ ಕಡಿದಾಗ ಆ ಕಡಿತದ ಮುಂದೆ ಎರಡಕ್ಷರದ ಗುರುತು ಹಾಕುತ್ತದೆ. 'ಸಿ.ಓ.' ಎಂದಿದ್ದರೆ ಅದು ಕರಾರಿನ ಕಡಿತ. ಆ ಹಣವನ್ನು ಡಾಕ್ಟರು ಬಿಟ್ಟುಬಿಡಬೇಕು, ರೋಗಿಯನ್ನು ಕೇಳಕೂಡದು. 'ಪಿ.ಆರ್.' ಎಂದಿದ್ದರೆ ಅದು ರೋಗಿಯ ಹೊಣೆ. ಗುಮಾಸ್ತ ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ನಮೂದಿಸಿದರೆ, ಕೊಡಬೇಕಾಗಿಲ್ಲದ ಹಣಕ್ಕೆ ಯಾವುದೋ ಮುದುಕಿಯ ಮನೆಗೆ ಬಿಲ್ಲು ಹೋಗುತ್ತದೆ. ಆಕೆ ಕೊಡದಿದ್ದರೆ ಸಾಲ ವಸೂಲಿಯವರು ಬೆನ್ನು ಹತ್ತುತ್ತಾರೆ. ಅಮೆರಿಕದ ಗ್ರಾಹಕರ ರಕ್ಷಣೆಯ ಸರ್ಕಾರಿ ಕಚೇರಿ 2022ರಲ್ಲಿ ಪ್ರಕಟಿಸಿದ ವರದಿಯಂತೆ, ಆಗ ಅಲ್ಲಿಯ ಜನರ ಸಾಲದ ದಾಖಲೆಗಳಲ್ಲಿ ವೈದ್ಯಕೀಯ ಬಿಲ್ಲುಗಳ ಬಾಕಿಯೇ 8,800 ಕೋಟಿ ಡಾಲರುಗಳಷ್ಟಿತ್ತು. ಎರಡಕ್ಷರದ ಈ ಕೆಲಸವನ್ನು ಅವಸರದಿಂದ ಮಾಡಿಸುವವರು ಯಾರ ಜೀವದೊಡನೆ ಆಟವಾಡುತ್ತಿದ್ದಾರೆ ಎಂಬುದನ್ನು ಯೋಚಿಸಬೇಡವೇ?

ಎಣಿಕೆಯ ಮ್ಯಾನೇಜರುಗಳು

ಈಗ ಈ ತಂಡಗಳನ್ನು ನಡೆಸುವ ರೀತಿಯನ್ನು ನೋಡಿ. ದಿನಕ್ಕೆ ಇಷ್ಟು ಕ್ಲೇಮು, ಇಷ್ಟು ಟೆಲಿಫೋನು ಕರೆ. ಇದಕ್ಕೆ 'ಟಾರ್ಗೆಟ್' ಎಂದು ಹೆಸರು. ಕೆಲವೆಡೆ ಗುಮಾಸ್ತನ ಕಂಪ್ಯೂಟರಿನ ತೆರೆಯನ್ನು ಯಂತ್ರವೇ ಆಗಾಗ ಚಿತ್ರ ತೆಗೆಯುತ್ತದೆ. ಕೈ ಎಷ್ಟು ನಿಮಿಷ ಸುಮ್ಮನಿತ್ತು ಎಂದು ಬರೆದಿಡುತ್ತದೆ. ಹಿಂದೆ ತೋಟದಲ್ಲಿ ಮೇಸ್ತ್ರಿ ಕೋಲು ಹಿಡಿದು ನಿಲ್ಲುತ್ತಿದ್ದ. ಈಗ ಮೇಸ್ತ್ರಿ ಯಂತ್ರದೊಳಗೆ ಕುಳಿತಿದ್ದಾನೆ.

ಇದರಿಂದ ಕೆಲಸ ಚೆನ್ನಾಗುತ್ತದೆಯೇ? ಲೆಕ್ಕ ಬಲ್ಲ ಯಾರೂ ಹಾಗೆನ್ನಲಾರರು. ಎಣಿಕೆಗೆ ದುಡಿಯುವವನು ಸುಲಭದ ಕ್ಲೇಮನ್ನು ಮೊದಲು ಎತ್ತಿಕೊಳ್ಳುತ್ತಾನೆ. ಕಷ್ಟದ್ದನ್ನು ಕೆಳಗೆ ತಳ್ಳುತ್ತಾನೆ. ವಿಮಾ ಕಂಪೆನಿಗೆ ಟೆಲಿಫೋನು ಮಾಡಿದರೆ ಮುಕ್ಕಾಲು ಗಂಟೆ ಕಾಯಿಸುವುದೂ ಉಂಟು. ಕಾದು ಒಂದು ದೊಡ್ಡ ಬಿಲ್ಲನ್ನು ಬಿಡಿಸಿದವನಿಗೆ ಒಂದು ಅಂಕ, ಅಷ್ಟೇ ಹೊತ್ತಿನಲ್ಲಿ ಏನನ್ನೂ ಬಿಡಿಸದೆ ಹತ್ತು ಬಿಲ್ಲುಗಳ ಮೇಲೆ 'ನೋಡಿದೆ' ಎಂದು ಬರೆದವನಿಗೆ ಹತ್ತು ಅಂಕ. ಕಷ್ಟದ ಬಿಲ್ಲು ಮೂವತ್ತು ದಿನದ ಕಟ್ಟಿನಿಂದ ಅರವತ್ತಕ್ಕೆ, ಅರವತ್ತರಿಂದ ತೊಂಬತ್ತಕ್ಕೆ, ಅಲ್ಲಿಂದ ನೂರಿಪ್ಪತ್ತಕ್ಕೆ ಜಾರುತ್ತದೆ. ನೂರಿಪ್ಪತ್ತು ದಾಟಿದ ಬಿಲ್ಲು ಕೊಳೆತ ಅಡಿಕೆಯಂತೆ, ಕೊಳ್ಳುವವರಿಲ್ಲ. ಹೀಗೆ ಎಣಿಕೆಯ ಮ್ಯಾನೇಜರು ಗುಮಾಸ್ತನನ್ನೂ ದಣಿಸುತ್ತಾನೆ, ಡಾಕ್ಟರ ಹಣವನ್ನೂ ಕಳೆಯುತ್ತಾನೆ.

ಸರಿಯಾದ ಅಳತೆಗಳು ಇಲ್ಲದಿಲ್ಲ. ಕಳಿಸಿದ ಬಿಲ್ಲುಗಳಲ್ಲಿ ತಿದ್ದದೆಯೇ ಒಪ್ಪಿಗೆಯಾದದ್ದು ನೂರಕ್ಕೆ ಎಷ್ಟು? ಚಿಕಿತ್ಸೆಯಾಗಿ ಹಣ ಬರುವವರೆಗೆ ಎಷ್ಟು ದಿನ ಹಿಡಿಯಿತು? ತೊಂಬತ್ತು ದಿನ ದಾಟಿದ ಬಾಕಿ ಒಟ್ಟಿನಲ್ಲಿ ಎಷ್ಟನೆಯ ಪಾಲು? ನಿರಾಕರಣೆಗಳ ಕಾರಣಗಳೇನು, ಒಂದೊಂದೂ ಯಾವ ಮೇಜಿನಲ್ಲಿ ಹುಟ್ಟಿತು? ಈ ನಾಲ್ಕು ಪ್ರಶ್ನೆಗಳಿಗೆ ಒಬ್ಬ ಗುಮಾಸ್ತ ಉತ್ತರ ಕೊಡಲಾರ. ಡಾಕ್ಟರು, ಮುಂದಿನ ಮೇಜಿನವರು, ದೂರದ ತಂಡ ಎಲ್ಲರೂ ಸೇರಿ ಕೊಡಬೇಕು. ಆದ್ದರಿಂದಲೇ ಮ್ಯಾನೇಜರುಗಳಿಗೆ ಇವು ರುಚಿಸುವುದಿಲ್ಲ. ಮೇಲಿನವರನ್ನು ಪ್ರಶ್ನಿಸುವ ಅಳತೆಗಿಂತ ಕೆಳಗಿನವರನ್ನು ಹೆದರಿಸುವ ಅಳತೆ ಅವರಿಗೆ ಹೆಚ್ಚು ಅನುಕೂಲ.

ವಾರಕ್ಕೊಮ್ಮೆ ಅರ್ಧ ಗಂಟೆ ಡಾಕ್ಟರ ಆಫೀಸಿನವರೂ ಇಲ್ಲಿಯ ತಂಡದವರೂ ಒಟ್ಟಿಗೆ ಕುಳಿತು ಆ ವಾರದ ನಿರಾಕರಣೆಗಳನ್ನು ಓದಿದರೆ ಸಾಕು, ಎಷ್ಟೋ ತಪ್ಪುಗಳು ಬೇರಿನಲ್ಲೇ ನಿಲ್ಲುತ್ತವೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಗುಮಾಸ್ತನನ್ನು ಮನುಷ್ಯನೆಂದು ಎಣಿಸುವ ಮನಸ್ಸು ಬೇಕು.

ಗುಟ್ಟಿನ ಮಾತು, ಬೀಗದ ಮಾತು

'ರೋಗಿಗಳ ಗುಟ್ಟು ಕಾಪಾಡಬೇಕು, ಹಣದ ವ್ಯವಹಾರ, ಕಣ್ಣಿಡದೆ ಆಗುತ್ತದೆಯೇ?' ಎಂದು ಕಂಪೆನಿಯವರು ಕೇಳುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ರೋಗಿಯ ಗುಟ್ಟು ದೊಡ್ಡದು. ಅಮೆರಿಕದ 1996ರ 'ಹಿಪಾ' ಕಾನೂನು ಮತ್ತು ಅದರ ಕೆಳಗಿನ ನಿಯಮಗಳು ಇದನ್ನು ಡಾಕ್ಟರಿಗೆ ಮಾತ್ರವಲ್ಲ, ಅವರ ಪರವಾಗಿ ಬಿಲ್ಲು ಬರೆಯುವ ಕಂಪೆನಿಗೂ ಕಡ್ಡಾಯ ಮಾಡಿವೆ. ಇಬ್ಬರ ನಡುವೆ ಬರವಣಿಗೆಯ ಕರಾರು ಇರಬೇಕು. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ವಿವರ ಗುಮಾಸ್ತನಿಗೆ ಕಾಣಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಕೀಲಿ ಇರಬೇಕು; ನಾಲ್ಕು ಜನಕ್ಕೆ ಒಂದೇ ಕೀಲಿ ಕೊಟ್ಟು ಆಮೇಲೆ ಕಳ್ಳನನ್ನು ಹುಡುಕುವುದು ನ್ಯಾಯವಲ್ಲ. ಬಂದ ಹಣ ಜಮಾ ಮಾಡುವವನೇ ಬಾಕಿ ಮನ್ನಾ ಮಾಡುವವನಾಗಬಾರದು. ನಗದು ಹಿಡಿಯುವವನೇ ಲೆಕ್ಕ ಬರೆಯಬಾರದೆಂಬುದು ನಮ್ಮ ಸಹಕಾರ ಸಂಘಗಳನ್ನು ನಡೆಸಿದವರೆಲ್ಲರಿಗೂ ಗೊತ್ತಿರುವ ಮಾತೇ. ಇಂಥ ಕಟ್ಟುಪಾಡು ಪ್ರಾಮಾಣಿಕ ಗುಮಾಸ್ತನಿಗೆ ರಕ್ಷಣೆ. ಅವನು ಇದನ್ನು ವಿರೋಧಿಸುವುದಿಲ್ಲ.

ಆದರೆ ಕೆಳಗಿನವನ ಮೇಲೆ ಕಣ್ಣಿಟ್ಟ ಮಾತ್ರಕ್ಕೆ ಗುಟ್ಟು ಉಳಿಯುವುದೇ? 2024ರ ಫೆಬ್ರವರಿ 21ರಂದು ಅಮೆರಿಕದಲ್ಲಿ ನಡೆದದ್ದನ್ನು ನೆನೆಯಬೇಕು. ಚೇಂಜ್ ಹೆಲ್ತ್‌ಕೇರ್ ಎಂಬುದು ಆ ದೇಶದ ಕ್ಲೇಮುಗಳು ಹಾದುಹೋಗುವ ನಡುವಣ ಕಟ್ಟೆಗಳಲ್ಲಿ ಬಹು ದೊಡ್ಡದು. ಅದರ ಒಡೆಯ ಅತಿ ದೊಡ್ಡ ವಿಮಾ ಸಂಸ್ಥೆಯಾದ ಯುನೈಟೆಡ್‌ಹೆಲ್ತ್. ಕಂಪ್ಯೂಟರ್ ದರೋಡೆಕೋರರು ಅದರೊಳಗೆ ನುಗ್ಗಿದ್ದು ಆ ದಿನ ಬಯಲಾಯಿತು. ವಾರಗಟ್ಟಲೆ ಕ್ಲೇಮುಗಳು ನಿಂತವು. ಸಣ್ಣ ಡಾಕ್ಟರುಗಳು ಸಿಬ್ಬಂದಿಗೆ ಸಂಬಳ ಕೊಡಲು ಪರದಾಡಿದರು. ಸುಮಾರು 19 ಕೋಟಿ ಜನರ ವಿವರಗಳಿಗೆ ಧಕ್ಕೆಯಾಯಿತೆಂದು ಕಂಪೆನಿಯೇ ಆಮೇಲೆ ಒಪ್ಪಿಕೊಂಡಿತು. ದರೋಡೆಕೋರರಿಗೆ 2 ಕೋಟಿ 20 ಲಕ್ಷ ಡಾಲರು ಕೊಟ್ಟದ್ದನ್ನು ಅದರ ಮುಖ್ಯಸ್ಥರು ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಹೇಳಿದರು. ಒಳಬರುವ ಒಂದು ಬಾಗಿಲಿಗೆ ಎರಡನೆಯ ಬೀಗ ಹಾಕಿರಲಿಲ್ಲವೆಂದೂ ಹೇಳಿದರು.

ಎರಡನೆಯ ಬೀಗ! ನಮ್ಮ ಊರ ಕಡೆಯ ಹುಡುಗಿ ತನ್ನ ಕಂಪ್ಯೂಟರು ತೆರೆಯಬೇಕಾದರೆ ಎರಡೆರಡು ಸಲ ಗುರುತು ಹೇಳಬೇಕು. ಕೆಲಸದ ಕೋಣೆಗೆ ಮೊಬೈಲನ್ನೂ, ಕಾಗದ ಪೆನ್ಸಿಲನ್ನೂ ಒಯ್ಯಕೂಡದೆಂಬ ಕಂಪೆನಿಗಳಿವೆ. ಸಾವಿರಾರು ಕೋಟಿಯ ಒಡೆಯನ ಬಾಗಿಲು ಮಾತ್ರ ಒಂದೇ ಬೀಗದಲ್ಲಿ ನಿಂತಿತ್ತು. ಕಾವಲು ಬೇಕಾದದ್ದು ಎಲ್ಲಿ?

ಇನ್ನೊಂದು ಅಪಾಯವಿದೆ. ಹೆಚ್ಚು ಹಣ ಬರುವ ಅಂಕಿ ಹಾಕು ಎಂದು ಮೇಲಿನಿಂದ ಒತ್ತಡ ಬಂದರೆ ಗುಮಾಸ್ತ ಏನು ಮಾಡಬೇಕು? ಹದಿನೈದು ನಿಮಿಷ ನೋಡಿದ ರೋಗಿಗೆ ಅರ್ಧ ಗಂಟೆ ನೋಡಿದ ಅಂಕಿ ಹಾಕಿ ಸರ್ಕಾರದ ಮೆಡಿಕೇರಿಗೆ ಕಳಿಸಿದರೆ ಅದು ವಂಚನೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಕೊಟ್ಟು ಮೋಸ ಮಾಡಿದ ಗುತ್ತಿಗೆದಾರರನ್ನು ಹಿಡಿಯಲು ಅಮೆರಿಕ 1863ರಲ್ಲಿ ಮಾಡಿದ ಸುಳ್ಳು ಕ್ಲೇಮುಗಳ ಕಾನೂನು ಇಂದು ಸುಳ್ಳು ವೈದ್ಯಕೀಯ ಬಿಲ್ಲುಗಳಿಗೂ ತಗಲುತ್ತದೆ. ವಂಚನೆಯನ್ನು ಬಯಲು ಮಾಡಿದವನಿಗೆ ವಸೂಲಾದ ಹಣದಲ್ಲಿ ಪಾಲು ಕೊಡುವ ಏರ್ಪಾಡೂ ಅದರಲ್ಲಿದೆ. ಆದರೆ ಇಲ್ಲಿ ಕುಳಿತ ಗುಮಾಸ್ತನಿಗೆ 'ಈ ಅಂಕಿಯನ್ನು ನಾನು ಹಾಕಲಾರೆ' ಎನ್ನುವ ಧೈರ್ಯ ಬರಬೇಕಾದರೆ, ಹಾಗೆಂದ ಮಾರನೆಯ ದಿನ ಕೆಲಸ ಹೋಗದೆಂಬ ಭರವಸೆ ಬೇಕು. ಆ ಭರವಸೆ ಕೊಡುವವರು ಯಾರು?

ಇರುಳಿನ ಪ್ರಶ್ನೆ

ನ್ಯೂಯಾರ್ಕಿನ ಆಫೀಸು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಡೆದರೆ, ಬೇಸಗೆಯಲ್ಲಿ ಇಲ್ಲಿ ಸಂಜೆ 5-30ರಿಂದ ಇರುಳು 2-30 ಆಗುತ್ತದೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟರೆ ನಮ್ಮ ಹುಡುಗರ ಪಾಳಿ ಒಂದು ಗಂಟೆ ಮುಂದೆ ಹೋಗಿ 3-30ಕ್ಕೆ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಡಾಕ್ಟರಾದರೆ ಬೆಳಗಿನವರೆಗೂ ದುಡಿಮೆ. ದೂರದೇಶದವರು ಗಡಿಯಾರದ ಮುಳ್ಳು ತಿರುಗಿಸಿದರೆ ಇಲ್ಲಿ ಒಂದು ಮನೆಯ ಊಟ ನಿದ್ರೆಗಳೆಲ್ಲ ತಿರುಗುತ್ತವೆ.

ಎಲ್ಲ ಕೆಲಸಕ್ಕೂ ಇರುಳು ಬೇಕೇ? ಬೇಡ. ವಿಮಾ ಕಂಪೆನಿಗೆ ಟೆಲಿಫೋನು ಮಾಡುವವರಿಗೆ ಮಾತ್ರ ಅವರ ಆಫೀಸಿನ ಹೊತ್ತು ಬೇಕು. ಅಂಕಿ ಹಾಕುವುದು, ಹಣ ಜಮಾ ಮಾಡುವುದು, ನಿರಾಕರಣೆ ಓದಿ ಕಾಗದಪತ್ರ ಸಿದ್ಧಪಡಿಸುವುದು, ನಾಳೆ ಬರುವ ರೋಗಿಗಳ ವಿಮೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು, ಇವೆಲ್ಲ ಹಗಲಿನಲ್ಲಿ ಆಗುವ ಕೆಲಸ. ನಮ್ಮ ಹಗಲಿನಲ್ಲಿ ಮಾಡಿಟ್ಟರೆ ಅಮೆರಿಕದ ಆಫೀಸು ತೆರೆಯುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತದೆ. ಹಾಗಿದ್ದೂ ಇಡೀ ತಂಡವನ್ನು ಇರುಳಿಗೆ ದೂಡುವುದು ಕೆಲಸದ ಅಗತ್ಯವಲ್ಲ, ಮ್ಯಾನೇಜರರ ಅನುಕೂಲ. ಕರೆಯ ಕೆಲಸ ಬೇರೆ, ಬರಹದ ಕೆಲಸ ಬೇರೆ ಎಂದು ವಿಂಗಡಿಸಿ, ಕರೆಯ ಪಾಳಿಯನ್ನು ಸರದಿಯ ಮೇಲೆ ಹಂಚಿದರೆ ಅರ್ಧಕ್ಕರ್ಧ ಜನರಿಗೆ ಇರುಳು ಮರಳಿ ಸಿಗುತ್ತದೆ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಬಗ್ಗೆ ಕರ್ನಾಟಕದ 1961ರ ಕಾನೂನು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2024ರ ಜುಲೈಯಲ್ಲಿ ಐ.ಟಿ. ಮತ್ತು ಇಂಥ ಸೇವೆಗಳ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಎಡೆ ಕೊಡುವ ತಿದ್ದುಪಡಿಯ ಪ್ರಸ್ತಾಪ ಬಂತು. ಐ.ಟಿ. ನೌಕರರ ರಾಜ್ಯ ಸಂಘ ಅದನ್ನು 14 ಗಂಟೆಯ ದುಡಿಮೆ ಎಂದು ಕರೆದು ಬೀದಿಗಿಳಿಯಿತು. ಕಾರ್ಖಾನೆಯ ಕಾರ್ಮಿಕನಿಗೆ ಕೆಲಸದ ಷರತ್ತುಗಳನ್ನು ಬರೆದುಕೊಡಬೇಕೆನ್ನುವ 1946ರ ಕಾನೂನಿನಿಂದಲೂ ಈ ಉದ್ಯಮಕ್ಕೆ ಸರ್ಕಾರ ವರ್ಷಗಳಿಂದ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷ ವಿಸ್ತರಿಸಿತು. ಉದ್ಯಮ ಎಳೆಯ ಸಸಿ, ನೆರಳು ಬೇಕು ಎನ್ನುವುದು ವಾದ. ಸಸಿ ಮರವಾಗಿ ದಶಕಗಳೇ ಕಳೆದವು. ನೆರಳು ಬೇಕಾದದ್ದು ಈಗ ಅದರ ಬುಡದಲ್ಲಿ ದುಡಿಯುವವರಿಗೆ.

2020ರ ಸಾಂಕ್ರಾಮಿಕದ ನಂತರ ಇದೇ ಕೆಲಸ ಎಷ್ಟೋ ಜನರಿಗೆ ಮನೆಗೇ ಬಂತು. ಬಸ್ಸಿನ ಪ್ರಯಾಣ ತಪ್ಪಿತು, ಊರಿನಲ್ಲೇ ಇರಬಹುದಾಯಿತು; ಇದು ಒಳ್ಳೆಯದೇ. ಆದರೆ ವಿದ್ಯುತ್ತಿನ ಖರ್ಚು, ಇಂಟರ್ನೆಟ್ಟಿನ ಖರ್ಚು, ಕುರ್ಚಿ ಮೇಜಿನ ಖರ್ಚು ನೌಕರನ ಮೇಲೆ ಬಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಆ ಗಂಟೆಯೂ ಅವನ ಲೆಕ್ಕಕ್ಕೆ. ಮಲೆನಾಡಿನ ಮಳೆಗೆ ಗುಮಾಸ್ತ ಹೊಣೆಯೇ?

ಏನಾಗಬೇಕು?

'ಹೆಚ್ಚು ಕೇಳಿದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆ, ಇಲ್ಲವೇ ಯಂತ್ರಕ್ಕೆ ಹೋಗುತ್ತದೆ' ಎಂದು ಹೆದರಿಸುವವರಿದ್ದಾರೆ. ಅಂಕಿ ತುಂಬುವ ಸುಲಭದ ಕೆಲಸವನ್ನು ಯಂತ್ರ ಮಾಡುವುದು ನಿಜ. ಆದರೆ ವಿಮಾ ಕಂಪೆನಿ ಸುಳ್ಳು ಕಾರಣ ಕೊಟ್ಟಾಗ ಹಳೆಯ ಕಾಗದ ತೆಗೆದು ವಾದ ಹೂಡುವ ತಲೆ ಬೇಕು. ಆ ತಲೆಯನ್ನು ಬೆಳೆಸದೆ ಎಣಿಕೆಗೆ ಸವೆಸಿದ ಕಂಪೆನಿಯೇ ಮೊದಲು ಮುಳುಗುವುದು. ಕೆಲಸ ಕಳೆದುಕೊಂಡ ಅಮೆರಿಕದ ಗುಮಾಸ್ತನೂ ನಮ್ಮ ಶತ್ರುವಲ್ಲ, ನಾವು ಅವನ ಶತ್ರುವಲ್ಲ. ಇಬ್ಬರ ದುಡಿಮೆಯನ್ನೂ ಅಗ್ಗಕ್ಕೆ ಕೊಳ್ಳುವವನು ಒಬ್ಬನೇ.

ಆದ್ದರಿಂದ ಈ ತಂಡಗಳನ್ನು ನಡೆಸುವವರ ಮುಂದೆ ಐದು ಮಾತುಗಳನ್ನಿಡುತ್ತೇವೆ.

ಒಂದು, ನಿರಾಕರಣೆಯ ಹೊಣೆಯನ್ನು ಅದು ಹುಟ್ಟಿದ ಮೇಜಿಗೆ ಬರೆಯಿರಿ. ಅದು ಡಾಕ್ಟರ ಮೇಜಾದರೆ ಡಾಕ್ಟರಿಗೇ ಬರೆಯಿರಿ.

ಎರಡು, ತಂಡದ ಹಿರಿಯ ಗುಮಾಸ್ತರಿಗೆ ಡಾಕ್ಟರ ಆಫೀಸಿನೊಡನೆ ನೇರವಾಗಿ ಮಾತನಾಡುವ ಅಧಿಕಾರ ಕೊಡಿ.

ಮೂರು, ದಿನದ ಎಣಿಕೆಯನ್ನು ಬಿಟ್ಟು ಬಾಕಿಯ ವಯಸ್ಸನ್ನೂ ಮೊದಲ ಒಪ್ಪಿಗೆಯ ಪ್ರಮಾಣವನ್ನೂ ಅಳೆಯಿರಿ. ಅದನ್ನು ಇಡೀ ತಂಡದ ಮುಂದಿಡಿ.

ನಾಲ್ಕು, ಹಗಲಿನ ಕೆಲಸವನ್ನು ಹಗಲಿಗೆ ಕೊಡಿ. ಇರುಳಿನ ಪಾಳಿ ಸರದಿಯಲ್ಲಿರಲಿ, ಅದಕ್ಕೆ ಹೆಚ್ಚಿನ ಕೂಲಿ ಇರಲಿ, ಹೆಣ್ಣುಮಕ್ಕಳನ್ನು ಮನೆ ಬಾಗಿಲಿಗೆ ಬಿಡುವ ವಾಹನ ಇರಲಿ.

ಐದು, ತಪ್ಪು ಅಂಕಿ ಹಾಕಲಾರೆ ಎಂದವನನ್ನು ತೆಗೆಯಬೇಡಿ, ಸಂಘ ಕಟ್ಟುವವನನ್ನೂ ತೆಗೆಯಬೇಡಿ.

ಇದರಲ್ಲಿ ಯಾವುದೂ ಆಗದ ಮಾತಲ್ಲ. ಒಳ್ಳೆಯ ಲೆಕ್ಕಕ್ಕೆ ಇವೇ ದಾರಿ ಎಂಬುದು ಆ ಕಸುಬು ಬಲ್ಲವರಿಗೆ ಗೊತ್ತು. ಗೊತ್ತಿದ್ದೂ ಮಾಡದಿರುವುದಕ್ಕೆ ಕಾರಣ, ಇಲ್ಲಿಯ ಗುಮಾಸ್ತನೂ ಅಲ್ಲಿಯ ರೋಗಿಯೂ ಒಬ್ಬರನ್ನೊಬ್ಬರು ಕಾಣದಿರುವುದು. ಅಲ್ಲಿಯ ಮುದುಕಿಗೆ ತಪ್ಪು ಬಿಲ್ಲು ಬಂದಾಗ ಆಕೆ ಬೈಯುವುದು ಕಾಣದ ಗುಮಾಸ್ತನನ್ನು. ಇಲ್ಲಿಯ ಗುಮಾಸ್ತನಿಗೆ ಆಕೆ ತೆರೆಯ ಮೇಲಿನ ಒಂದು ಸಂಖ್ಯೆ. ಇಬ್ಬರ ನಡುವೆ ನಿಂತು ಇಬ್ಬರಿಂದಲೂ ಲಾಭ ಪಡೆಯುವವರಿಗೆ ಈ ಕಾಣದಿರುವಿಕೆಯೇ ಬಂಡವಾಳ. ನಮ್ಮ ಮಕ್ಕಳು ಮುಂದಿನ ಹಬ್ಬಕ್ಕೆ ಬಂದಾಗ 'ಸಂಬಳ ಎಷ್ಟು?' ಎಂದು ಕೇಳುವ ಜೊತೆಗೆ 'ಎಷ್ಟು ಗಂಟೆಗೆ ಮಲಗುತ್ತೀಯೆ? ತಪ್ಪಾದರೆ ಯಾರು ಉತ್ತರ ಕೊಡುತ್ತಾರೆ? ನಿಮಗೊಂದು ಸಂಘ ಇದೆಯೇ?' ಎಂದೂ ಕೇಳಬೇಕು. ಉತ್ತರ ಕೇಳಿದ ಮೇಲೆ ಸುಮ್ಮನೆ ಕೂರಬಾರದು.